ಪ್ರಾಜೆಕ್ಟ್‌ನಲ್ಲಿ ನೀವೇನು ಮಾಡಿದ್ರಿ? ಏಳು ಕಾಲೇಜು, ಒಂದು ಕಿಲೋ ಉಪಗ್ರಹ ಮತ್ತು ಟೀಮಿನಲ್ಲಿ ಕಲಿಯೋದು

ಈ ವಾರದ ಮಾತನ್ನು ಎಂದಿನಂತೆ ಬರಹದ ರೂಪದಲ್ಲೂ ಕೊಡ್ತಾ ಇದ್ದೀನಿ. ಕ್ಯಾಬ್‌ನಲ್ಲಿ, ಮೆಟ್ರೋದಲ್ಲಿ ಕೂತು ಓದುವವರಿಗೆ ಅನುಕೂಲ ಆಗ್ಲಿ ಅಂತ. ವಿಡಿಯೋದಲ್ಲಿ ಬೋರ್ಡ್ ಮೇಲೆ ಅವಸರದಲ್ಲಿ ಮಾಡಿದ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆದಿದ್ದೀನಿ.

ಹೈದರಾಬಾದಿನಲ್ಲಿ ನಮ್ಮ ಆಫೀಸಿಗೆ ಹೊಸಬರನ್ನು ತಗೊಳ್ಳುವಾಗ ನಾನೂ ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀನಿ. ನನ್ನ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ. "ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ನೀವೇನು ಮಾಡಿದ್ರಿ?"

"ಸರ್, ನಾವು ಒಂದು ಸ್ಮಾರ್ಟ್ ಪಾರ್ಕಿಂಗ್ ಸಿಸ್ಟಮ್ ಮಾಡಿದ್ವಿ."

"ಸರಿ. ಅದರಲ್ಲಿ ನೀವೇನು ಮಾಡಿದ್ರಿ?"

"ಸರ್, ನಾವು..."

ಈ "ನಾವು" ಅನ್ನೋದರಿಂದ "ನಾನು" ಅನ್ನೋದಕ್ಕೆ ಬರೋಕೆ ಎಷ್ಟೋ ಹುಡುಗ ಹುಡುಗಿಯರು ಒದ್ದಾಡ್ತಾರೆ. ಪಕ್ಕದಲ್ಲಿ ಕೂತವರು ನಗ್ತಾರೆ. ನನಗೆ ನಗು ಬರಲ್ಲ, ಯಾಕಂದ್ರೆ ನಂದೇ ಒಂದು ಕಥೆ ಇದೆ.

ನಾನು ಬಿಇ ಕೊನೆಯ ವರ್ಷದಲ್ಲಿದ್ದಾಗ ನಮ್ಮದು ನಾಲ್ಕು ಜನರ ಬ್ಯಾಚ್. ನಾಲ್ಕೂ ಜನ ಕಂಪ್ಯೂಟರ್ ಸೈನ್ಸ್, ನಾಲ್ಕೂ ಜನ ಒಂದೇ ಹಾಸ್ಟೆಲ್. ಪ್ರಾಜೆಕ್ಟ್ ಏನಪ್ಪಾ ಅಂದ್ರೆ, ಹೊಲದ ಮಣ್ಣಿನ ತೇವ ನೋಡಿ ಪಂಪ್‌ಸೆಟ್ ತಾನೇ ಆನ್ ಆಗೋದು. ಕೋಡ್ ಪೂರ್ತಿ ನಾನೇ ಬರೆದೆ. ಒಬ್ಬ ರಿಪೋರ್ಟ್ ಟೈಪ್ ಮಾಡ್ದ, ಇನ್ನೊಬ್ಬ ಸ್ಲೈಡ್ ಮಾಡ್ದ, ಮೂರನೆಯವನು ಜೆರಾಕ್ಸ್ ಮಾಡಿಸಿ ಬೈಂಡಿಂಗ್ ಮಾಡಿಸ್ಕೊಂಡು ಬಂದ. ನಾಲ್ಕು ಜನಕ್ಕೂ ಒಳ್ಳೇ ಮಾರ್ಕ್ಸ್ ಬಂತು.

ಆ ಬೈಂಡಿಂಗ್ ಮಾಡಿಸಿದವನು ಹಳ್ಳಿಯಿಂದ ಬಂದವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಅವನ ಅಪ್ಪಂದು ಮೋಟರ್ ವೈಂಡಿಂಗ್ ಅಂಗಡಿ. ಅವನು ಒಂದು ಸಲ ನನ್ನ ಹತ್ರ ಬಂದು, "ಲೇ ದೋಸ್ತ, ನಿಜವಾದ ಮೋಟರ್ ತಂದು ಹಚ್ಚೋಣ, ಸ್ಟಾರ್ಟರ್ ನಾನು ಮಾಡ್ತೀನಿ" ಅಂದಿದ್ದ. ನಾನು "ಟೈಮಿಲ್ಲ ಬಿಡು" ಅಂದೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಮಣ್ಣಿನ ತೇವದ ಅಂಕಿಗಳು ಬಂದಿದ್ದು ಎಲ್ಲಿಂದ ಗೊತ್ತಾ? ರ್‍ಯಾಂಡಮ್ ಫಂಕ್ಷನ್‌ನಿಂದ. ಮಣ್ಣೂ ಇಲ್ಲ, ನೀರೂ ಇಲ್ಲ, ಮೋಟರೂ ಇಲ್ಲ.

ಮುಂದೆ ಒಂದು ದಿನ ಅವನು ಇಂಟರ್ವ್ಯೂ ಮುಗಿಸಿ ಹೊರಗೆ ಬಂದು ಫೋನ್ ಮಾಡ್ದ. "ನಮ್ಮ ಪ್ರಾಜೆಕ್ಟ್‌ನಾಗೆ ಡೇಟಾ ಎಲ್ಲಿಂದ ಬರ್ತಿತ್ತಲೇ? ಕೇಳಿದ್ರು, ಗೊತ್ತಾಗ್ಲಿಲ್ಲ" ಅಂದ. ಆ ಕೆಲಸ ಅವನಿಗೆ ಸಿಗಲಿಲ್ಲ.

ಬಹಳ ದಿನ ನಾನು, ಅವನು ಕೆಲಸ ಮಾಡಲಿಲ್ಲ, ನಾನು ಮಾಡಿದೆ ಅಂತಲೇ ಅಂದ್ಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಆ ಟೀಮಿನಲ್ಲಿ ನಿಜವಾದ ಮೋಟರ್ ಗೊತ್ತಿದ್ದವನು ಅವನೊಬ್ಬನೇ, ಅವನನ್ನು ನಾವು ಜೆರಾಕ್ಸ್ ಅಂಗಡಿಗೆ ಕಳಿಸಿದ್ವಿ. ಅವನು ಕಲಿಯೋದು ತಪ್ಪಿತು, ನಾನು ಅವನಿಂದ ಕಲಿಯೋದೂ ತಪ್ಪಿತು. ಇವತ್ತಿನ ವಿಷಯ ಇದೇ. ವಿಶ್ವವಿದ್ಯಾಲಯಗಳಲ್ಲಿ ಟೀಮ್ ಪ್ರಾಜೆಕ್ಟ್ ಅಂತ ಮಾಡಿಸ್ತಾರಲ್ಲ, ಅದರಿಂದ ಯಾವಾಗ ಕಲೀತೀವಿ, ಯಾವಾಗ ಕಲಿಯಲ್ಲ?

ಕೇಳಿ ಕಲಿಯೋದು, ಮಾಡಿ ಕಲಿಯೋದು

ಮೊದಲು ಒಂದು ಪದ ನೋಡೋಣ: ಆಕ್ಟಿವ್ ಲರ್ನಿಂಗ್. ಕನ್ನಡದಲ್ಲಿ ಸಕ್ರಿಯ ಕಲಿಕೆ ಅಂತಾರೆ. ಮೇಷ್ಟ್ರು ಬೋರ್ಡ್ ಮೇಲೆ ಬರೆಯೋದನ್ನು ನೋಟ್ಸ್ ಮಾಡ್ಕೊಳ್ಳೋದರ ಬದಲು, ವಿದ್ಯಾರ್ಥಿ ತಾನೇ ಲೆಕ್ಕ ಬಿಡಿಸಿ, ಪಕ್ಕದವರ ಜೊತೆ ವಾದ ಮಾಡಿ, ಏನಾದರೂ ಕಟ್ಟಿ, ಕೆಟ್ಟಿದ್ದನ್ನು ಸರಿ ಮಾಡಿ ಕಲಿಯೋದು.

ಇದು ಬರೀ ಆದರ್ಶದ ಮಾತಲ್ಲ, ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಪಾಠ ಕೇಳುವ ತರಗತಿಗಳಲ್ಲಿ ಫೇಲ್ ಆದವರು ಸರಾಸರಿ ಶೇ 33.8. ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇ 21.8. ನೂರು ಜನರ ಕ್ಲಾಸ್ ಅಂದ್ರೆ ಹನ್ನೆರಡು ಜನ ಹೆಚ್ಚು ಪಾಸಾದ ಹಾಗೆ.

2019ರಲ್ಲಿ ಹಾರ್ವರ್ಡ್‌ನಿಂದ ಇನ್ನೊಂದು ಅಧ್ಯಯನ ಬಂತು. ಭೌತಶಾಸ್ತ್ರದ ತರಗತಿಗಳಲ್ಲಿ ಸಕ್ರಿಯವಾಗಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತಗೊಂಡರು. ಆದ್ರೆ "ನೀವೆಷ್ಟು ಕಲಿತ್ರಿ?" ಅಂತ ಕೇಳಿದಾಗ, ಚೆನ್ನಾಗಿ ಮಾತಾಡುವ ಮೇಷ್ಟ್ರ ಪಾಠ ಕೇಳಿದವರೇ "ನಾವು ಜಾಸ್ತಿ ಕಲಿತ್ವಿ" ಅಂದರು. ಅಂದ್ರೆ ಕಲಿಯೋದು ಆಗ್ತಾ ಇರೋವಾಗ ಅದು ಕಷ್ಟ ಅನ್ನಿಸ್ತಿರತ್ತೆ, "ನನಗೇನೂ ಬರ್ತಿಲ್ಲ" ಅನ್ನಿಸ್ತಿರತ್ತೆ. ಅರ್ಥ ಆಯ್ತು ಅಂತ ಹಾಯಾಗಿ ತಲೆ ಆಡಿಸುವಾಗ ಎಷ್ಟೋ ಸಲ ಏನೂ ಆಗ್ತಿರಲ್ಲ. ಯೂಟ್ಯೂಬ್ ನೋಡುವವರು, ನನ್ನ ವಿಡಿಯೋ ನೋಡುವವರೂ ಸೇರಿ, ಇದನ್ನು ನೆನಪಿಟ್ಟುಕೊಳ್ಳಬೇಕು.

ತೇರಿನ ಹಗ್ಗ

ಹಾಗಾದ್ರೆ ಗುಂಪು ಮಾಡಿ ಪ್ರಾಜೆಕ್ಟ್ ಕೊಟ್ಟರೆ ಮುಗೀತಲ್ಲ? ಇಲ್ಲ.

ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯೋದನ್ನು ನೋಡಿದ್ದೀರಲ್ಲ. ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ಎಳೀತಿದ್ದಾರೆ ಅಂತ ಏನಿಲ್ಲ. ಇದನ್ನು ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ ಅನ್ನೋ ಕೃಷಿ ಎಂಜಿನಿಯರ್ ಅಳೆದೇ ನೋಡಿದ್ದ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಎಂಟು ಜನ ಸೇರಿ ಎಳೆದಾಗ, ತಲಾ ಬಲ ಒಬ್ಬಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಹಗ್ಗ, ಒಂದೇ ಕೆಲಸ. ಯಾರು ಎಷ್ಟು ಎಳೆದರು ಅಂತ ಗೊತ್ತಾಗಲ್ಲ. ನಮ್ಮ ನಾಲ್ಕು ಜನರ ಬ್ಯಾಚೂ ಹೀಗೇ. ನಾಲ್ಕೂ ಜನ ಒಂದೇ ಬ್ರಾಂಚ್, ಕಲಿತಿದ್ದೂ ಒಂದೇ. ಒಬ್ಬ ಜೋರಾಗಿ ಎಳೆದರೆ ಉಳಿದವರು ಎಳೆಯೋ ಅಗತ್ಯವೇ ಬರಲಿಲ್ಲ.

"ಬೇರೆ ಬೇರೆ ತರಹದವರನ್ನು ಸೇರಿಸಿ, ಸರಿಹೋಗತ್ತೆ" ಅಂತ ಹೇಳೋರಿದ್ದಾರೆ. ಅದೂ ಪೂರ್ತಿ ನಿಜ ಅಲ್ಲ. ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಲ್ಲಿ 1971ರ ಹೊತ್ತಿಗೆ ಶಾಲೆಗಳಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂರಿಸಿದ್ದರು. ಸ್ನೇಹ ಬೆಳೆಯೋದು ಬಿಟ್ಟು ಜಗಳ ಹೆಚ್ಚಾಯ್ತು. ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರನ್ನು ಕರೆಸಿದರು. ಅವರು ಮಾಡಿದ್ದು ಸರಳ ಉಪಾಯ. ಪಾಠವನ್ನು ತುಂಡು ತುಂಡು ಮಾಡಿ, ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಇಂಗ್ಲಿಷ್ ಸರಿಯಾಗಿ ಬಾರದ ಮಗುವನ್ನು ಮೊದಲು ಉಳಿದವರು ಹಂಗಿಸಿದರು. ಆಮೇಲೆ ಗೊತ್ತಾಯ್ತು, ಅವನ ಹತ್ರ ಇರೋ ತುಂಡು ಸಿಗದೇ ಇದ್ರೆ ನಾವೂ ಫೇಲ್ ಅಂತ. ಆಗ ತಾಳ್ಮೆಯಿಂದ ಪ್ರಶ್ನೆ ಕೇಳಿ ಅವನಿಂದ ಮಾತು ಹೊರಡಿಸೋದು ಕಲಿತರು. ಇದಕ್ಕೆ ಜಿಗ್‌ಸಾ ಕ್ಲಾಸ್‌ರೂಮ್ ಅಂತ ಹೆಸರು.

ಇಲ್ಲಿ ಕೆಲಸ ಮಾಡಿದ್ದು ಬರೀ ಬೆರಕೆ ಅಲ್ಲ. ಒಬ್ಬನ ಕೈಯಲ್ಲಿರೋದು ಇನ್ನೊಬ್ಬನಿಗೆ ಬೇಕೇ ಬೇಕು ಅನ್ನೋ ಕಟ್ಟು. ಇದನ್ನು ಮನಸ್ಸಲ್ಲಿ ಇಟ್ಕೊಂಡು ನಮ್ಮೂರುಗಳ ಕಥೆಗೆ ಬರೋಣ. ಹೈದರಾಬಾದ್, ಬೆಂಗಳೂರು ಎರಡೂ ಊರಿನ ಹುಡುಗರು ಸೇರಿ ಕಟ್ಟಿದ ಉಪಗ್ರಹದ ಕಥೆ.

ಸ್ಟಡ್‌ಸ್ಯಾಟ್

2007ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಗಗನಯಾನ ಸಮ್ಮೇಳನ ಹೈದರಾಬಾದಿನಲ್ಲೇ ನಡೀತು. ಹೈಟೆಕ್ ಸಿಟಿ ಹತ್ರ ಇದೆಯಲ್ಲ ಎಚ್‌ಐಸಿಸಿ, ಅಲ್ಲಿ. ನಮ್ಮಲ್ಲಿ ಎಷ್ಟು ಜನ ಅದರ ಮುಂದೆ ಟ್ರಾಫಿಕ್‌ನಲ್ಲಿ ನಿಂತಿಲ್ಲ! ಆ ಸಮ್ಮೇಳನಕ್ಕೆ ಬಂದಿದ್ದ ಬೆಂಗಳೂರಿನ ಮತ್ತು ಹೈದರಾಬಾದಿನ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ನಾವೇ ಒಂದು ಉಪಗ್ರಹ ಮಾಡಿದ್ರೆ ಹೇಗೆ ಅನ್ನೋ ಯೋಚನೆ ಬಂತು. ಇಸ್ರೋದಲ್ಲಿ ಸಣ್ಣ ಉಪಗ್ರಹಗಳ ಯೋಜನೆ ನೋಡಿಕೊಳ್ಳುತ್ತಿದ್ದ ಡಿ.ವಿ.ಎ. ರಾಘವಮೂರ್ತಿಯವರು ಪ್ರೋತ್ಸಾಹ ಕೊಟ್ಟರು.

ಕೊನೆಗೆ ಏಳು ಕಾಲೇಜು ಸೇರಿದವು. ಬೆಂಗಳೂರಿನಿಂದ ಯಲಹಂಕದ ನಿಟ್ಟೆ ಮೀನಾಕ್ಷಿ, ಎಂ.ಎಸ್. ರಾಮಯ್ಯ, ಆರ್.ವಿ., ಬಿಎಂಎಸ್‌ಐಟಿ. ಹೈದರಾಬಾದಿನಿಂದ ಗಂಡಿಪೇಟೆಯ ಸಿಬಿಐಟಿ, ದುಂಡಿಗಲ್‌ನ ಇನ್‌ಸ್ಟಿಟ್ಯೂಟ್ ಆಫ್ ಏರೋನಾಟಿಕಲ್ ಎಂಜಿನಿಯರಿಂಗ್, ದೇಶ್‌ಮುಖಿಯ ವಿಜ್ಞಾನ್. ಮುಂಚೂಣಿಯಲ್ಲಿದ್ದದ್ದು ನಿಟ್ಟೆ ಮೀನಾಕ್ಷಿ. ಸುಮಾರು 35 ಜನ ಬಿಇ, ಬಿಟೆಕ್ ವಿದ್ಯಾರ್ಥಿಗಳು. ಎರಡು ರಾಜ್ಯ, ಆಗಿನ್ನೂ ತೆಲಂಗಾಣ ಬೇರೆ ಆಗಿರಲಿಲ್ಲ. ಕನ್ನಡದವರು, ತೆಲುಗಿನವರು, ಇನ್ನೂ ಬೇರೆ ಕಡೆಯಿಂದ ಓದೋಕೆ ಬಂದವರು. ವಿಟಿಯು ಒಂದು ಕಡೆ, ಉಸ್ಮಾನಿಯಾ, ಜೆಎನ್‌ಟಿಯು ಇನ್ನೊಂದು ಕಡೆ. ಅಂದ್ರೆ ಪರೀಕ್ಷೆಯ ವೇಳಾಪಟ್ಟಿಯೂ ಒಂದೇ ಇರಲ್ಲ. ವಾಟ್ಸಾಪ್ ಗ್ರೂಪ್‌ಗಳು ಇನ್ನೂ ಬಳಕೆಗೆ ಬಂದಿರದ ಕಾಲ.

ಅವರು ಕಟ್ಟಿದ ಸ್ಟಡ್‌ಸ್ಯಾಟ್‌ನ ಅಳತೆ 10 ಸೆಂ.ಮೀ. × 10 ಸೆಂ.ಮೀ. × 13.5 ಸೆಂ.ಮೀ. ತೂಕ ಒಂದು ಕಿಲೋಗಿಂತ ಕಡಿಮೆ. ಮನೆಯಲ್ಲಿ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ಇದ್ದರೆ ಕೈಯಲ್ಲಿ ಹಿಡಿದು ನೋಡಿ, ಅಷ್ಟೂ ಇಲ್ಲ. ಅದರೊಳಗೆ ಭೂಮಿಯ ಫೋಟೋ ತೆಗೆಯಲು 90 ಮೀಟರ್ ರೆಸಲ್ಯೂಷನ್‌ನ ಕ್ಯಾಮೆರಾ, ರೇಡಿಯೋ, ಬ್ಯಾಟರಿ, ಕಂಪ್ಯೂಟರ್.

ಪಿಎಸ್‌ಎಲ್‌ವಿ-ಸಿ15 ರಾಕೆಟ್ ಹಾರಬೇಕಿದ್ದದ್ದು 2010ರ ಮೇ 9ಕ್ಕೆ. ರಾಕೆಟ್ಟಿನ ಎರಡನೇ ಹಂತದಲ್ಲಿ ಒತ್ತಡ ಸ್ವಲ್ಪ ಇಳಿದಿದ್ದು ಕಂಡು ಮುಂದೂಡಿದರು. ಕೊನೆಗೆ 2010ರ ಜುಲೈ 12ರ ಬೆಳಗ್ಗೆ ಶ್ರೀಹರಿಕೋಟಾದಿಂದ ಹಾರಿತು. ಮುಖ್ಯ ಪ್ರಯಾಣಿಕ 694 ಕಿಲೋದ ಕಾರ್ಟೋಸ್ಯಾಟ್-2ಬಿ. ಜೊತೆಗೆ ಅಲ್ಜೀರಿಯಾ, ನಾರ್ವೆ, ಸ್ವಿಟ್ಜರ್ಲೆಂಡ್ ದೇಶಗಳ ಉಪಗ್ರಹಗಳು, ಮತ್ತು ನಮ್ಮ ಹುಡುಗರ ಈ ಪುಟ್ಟ ಡಬ್ಬಿ. ಯಲಹಂಕದ ಕಾಲೇಜಿನಲ್ಲೇ ಕಟ್ಟಿದ್ದ ಗ್ರೌಂಡ್ ಸ್ಟೇಷನ್‌ಗೆ ಅದರ ಸಂಕೇತ ಬಂದು ಮುಟ್ಟಿತು. ಭಾರತದ ಮೊದಲ ಪಿಕೋ ಉಪಗ್ರಹ, ಅಂದ್ರೆ ಒಂದು ಕಿಲೋದೊಳಗಿನ ಉಪಗ್ರಹ ಅದು.

ಇಷ್ಟು ಪುಟ್ಟ ಉಪಗ್ರಹದ ಕಲ್ಪನೆ ಹುಟ್ಟಿದ್ದೇ ಪಾಠಕ್ಕಾಗಿ. 1999ರಲ್ಲಿ ಅಮೆರಿಕದ ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್-ಸುವಾರಿ ಮತ್ತು ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ಅನ್ನೋ ಇಬ್ಬರು ಪ್ರಾಧ್ಯಾಪಕರು ಕ್ಯೂಬ್‌ಸ್ಯಾಟ್ ಅನ್ನೋ 10 ಸೆಂ.ಮೀ. ಘನದ ಅಳತೆಯನ್ನು ಗೊತ್ತುಮಾಡಿದರು. ದೊಡ್ಡ ಉಪಗ್ರಹ ಕಟ್ಟಿ ಮುಗಿಸೋದರೊಳಗೆ ವಿದ್ಯಾರ್ಥಿ ಪದವಿ ಮುಗಿಸಿ ಹೋಗಿಬಿಟ್ಟಿರ್ತಾನೆ. ಓದು ಮುಗಿಯೋದರೊಳಗೆ ಕಟ್ಟಿ ಮುಗಿಸುವಷ್ಟು ಚಿಕ್ಕದಿರಲಿ ಅಂತ.

ಅರ್ಧ ಎಲ್‌ಇಡಿ ಬಲ್ಬಿನ ಲೆಕ್ಕ

ಈಗ ಆ ಲೆಕ್ಕ. ಉಪಗ್ರಹದ ಒಂದು ಉದ್ದನೆಯ ಮೈ 10 × 13.5, ಅಂದ್ರೆ 135 ಚದರ ಸೆಂ.ಮೀ., ಅಂದ್ರೆ 0.0135 ಚದರ ಮೀಟರ್. ಭೂಮಿಯ ಹತ್ತಿರ ಬಾಹ್ಯಾಕಾಶದಲ್ಲಿ ಪ್ರತಿ ಚದರ ಮೀಟರಿಗೆ ಬೀಳೋ ಬಿಸಿಲು ಸುಮಾರು 1361 ವ್ಯಾಟ್. ಗುಣಿಸಿದರೆ 18 ವ್ಯಾಟ್ ಚಿಲ್ಲರೆ. ಒಳ್ಳೇ ಸೋಲಾರ್ ಸೆಲ್ ಅದರಲ್ಲಿ ಕಾಲು ಭಾಗ ವಿದ್ಯುತ್ ಮಾಡತ್ತೆ ಅಂತ ಇಟ್ಕೊಳ್ಳಿ. ನಾಲ್ಕೂವರೆ ವ್ಯಾಟ್. ಅದೂ ಆ ಮೈ ಪೂರ್ತಿ ಸೆಲ್ ಇದ್ದು, ನೇರ ಸೂರ್ಯನ ಕಡೆ ತಿರುಗಿದ್ದಾಗ. ಸುಮಾರು 630 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 97 ನಿಮಿಷ. ಅದರಲ್ಲಿ ಮೂರನೇ ಒಂದು ಭಾಗ ಭೂಮಿಯ ನೆರಳಲ್ಲಿ ಕತ್ತಲೆ.

ಮನೆಯ ಎಲ್‌ಇಡಿ ಬಲ್ಬ್ 9 ವ್ಯಾಟ್. ಅಂದ್ರೆ ಇಡೀ ಉಪಗ್ರಹ ಅರ್ಧ ಬಲ್ಬಿನಷ್ಟು ಕರೆಂಟಿನಲ್ಲಿ, ಹೆಚ್ಚು ಹೊತ್ತು ಅದಕ್ಕಿಂತ ಕಡಿಮೆಯಲ್ಲಿ ಬದುಕಬೇಕು.

ಇದು ಇಂಥ ಯಾವ ಪುಟ್ಟ ಉಪಗ್ರಹಕ್ಕೂ ಅನ್ವಯಿಸೋ ಮಾತು. ಈಗ ಆ ಟೇಬಲ್ ಸುತ್ತ ಯಾರ್‍ಯಾರು ಕೂತಿರ್ತಾರೆ ನೋಡಿ. ರೇಡಿಯೋ ಮಾಡುವ ಎಲೆಕ್ಟ್ರಾನಿಕ್ಸ್ ಹುಡುಗಿಗೆ ಟ್ರಾನ್ಸ್‌ಮಿಟರ್ ಜೋರಾಗಿರಬೇಕು. ಬ್ಯಾಟರಿ ನೋಡಿಕೊಳ್ಳುವ ಎಲೆಕ್ಟ್ರಿಕಲ್ ಹುಡುಗ "ಅಷ್ಟು ಕರೆಂಟ್ ಇಲ್ಲಮ್ಮ" ಅಂತಾನೆ. ಬ್ಯಾಟರಿ ದೊಡ್ಡದು ಮಾಡು ಅಂದ್ರೆ ಚೌಕಟ್ಟು ಮಾಡುವ ಮೆಕ್ಯಾನಿಕಲ್ ಹುಡುಗ ತೂಕದ ಪಟ್ಟಿ ತೆಗೆದು ತೋರಿಸ್ತಾನೆ. ಒಬ್ಬರು ಹತ್ತು ಗ್ರಾಂ ಹೆಚ್ಚು ತಗೊಂಡರೆ ಇನ್ನೊಬ್ಬರ ಪಾಲಿನಿಂದ ಹತ್ತು ಗ್ರಾಂ ಹೋಗ್ಬೇಕು. ಇಂಥ ಉಪಗ್ರಹವನ್ನು ತಿರುಗಿಸೋಕೆ ಸಾಮಾನ್ಯವಾಗಿ ತಾಮ್ರದ ತಂತಿಯ ಸುರುಳಿ ಬಳಸ್ತಾರೆ. ಅದರಲ್ಲಿ ಕರೆಂಟ್ ಹರಿದಾಗ ಅದು ಭೂಮಿಯ ಕಾಂತಕ್ಷೇತ್ರದ ಜೊತೆ ಸೇರಿ ಉಪಗ್ರಹವನ್ನು ಮೆಲ್ಲಗೆ ತಿರುಗಿಸತ್ತೆ. ಆದ್ರೆ ಸುರುಳಿ ಆನ್ ಇರೋವಾಗ ಪಕ್ಕದ ಮ್ಯಾಗ್ನೆಟೋಮೀಟರ್ ತಪ್ಪು ಅಂಕಿ ತೋರಿಸತ್ತೆ. ಹಾಗಾಗಿ "ಮೊದಲು ಆಫ್ ಮಾಡು, ಆಮೇಲೆ ಓದು" ಅಂತ ಕೋಡ್ ಬರೆಯುವವರಿಗೆ ಯಾರಾದರೂ ಹೇಳಲೇಬೇಕು. ಹೇಳದಿದ್ರೆ ಕೋಡಿನಲ್ಲಿ ಒಂದೂ ಬಗ್ ಇಲ್ಲದೆ ಉಪಗ್ರಹ ದಿಕ್ಕು ತಪ್ಪತ್ತೆ.

ಇಲ್ಲಿ ರ್‍ಯಾಂಡಮ್ ಫಂಕ್ಷನ್ ನಡೆಯಲ್ಲ. ಒಬ್ಬನೇ ಜಾಣ ಕೂತು ಎಲ್ಲಾ ಮಾಡೋಕೂ ಆಗಲ್ಲ. ನನ್ನಂಥವನು ಅಲ್ಲಿದ್ದಿದ್ದರೆ ಮೋಟರ್ ವೈಂಡಿಂಗ್ ಗೊತ್ತಿರೋ ಗೆಳೆಯನ ಹತ್ರ ಹೋಗಿ, "ಈ ಸುರುಳಿ ಎಷ್ಟು ಸುತ್ತು ಸುತ್ತಬೇಕು ಹೇಳೋ" ಅಂತ ಕೇಳಲೇಬೇಕಿತ್ತು.

"ಆಯ್ತು" ಅಂದ್ರೆ ಏನು?

ಇನ್ನು ಭಾಷೆ, ಸಂಸ್ಕೃತಿಯ ವಿಷಯ. ನಮ್ಮ ಆಫೀಸಿನ ಒಂದು ಸಣ್ಣ ಘಟನೆ ಹೇಳ್ತೀನಿ. ನಾನು ಇನ್ನೊಬ್ಬ ಕನ್ನಡದ ಹುಡುಗನಿಗೆ ಫೋನಿನಲ್ಲಿ, "ಆ ಡೇಟಾಬೇಸ್ ಬದಲಾವಣೆ ಇವತ್ತು ಮಾಡಿಬಿಡಪ್ಪ" ಅಂದೆ. ಸ್ಪೀಕರ್ ಆನ್ ಇತ್ತು. ಅವನು "ಆಯ್ತು ಸರ್" ಅಂದ. ಪಕ್ಕದಲ್ಲಿದ್ದ ತೆಲುಗು ಸಹೋದ್ಯೋಗಿಗೆ ಸ್ವಲ್ಪ ಕನ್ನಡ ಬರತ್ತೆ. ಅವರ ಭಾಷೆಯಲ್ಲಿ "ಅಯಿಂದಿ" ಅಂದ್ರೆ ಮುಗೀತು ಅಂತ. ಒಪ್ಪಿಗೆ ಹೇಳೋಕೆ "ಸರೇ" ಅಂತಾರೆ. "ಆಯ್ತು" ಕೇಳಿ ಕೆಲಸ ಮುಗಿದಿದೆ ಅಂತ ತಿಳ್ಕೊಂಡು ಅವರು ಮುಂದಿನ ಹಂತ ಓಡಿಸಿಬಿಟ್ಟರು. ಮಧ್ಯಾಹ್ನ ಪೂರ್ತಿ ಅದನ್ನು ಹಿಂದಕ್ಕೆ ತರೋದರಲ್ಲೇ ಹೋಯ್ತು.

ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ "ಆಯ್ತು" ಅನ್ನೋ ಒಂದೇ ಪದಕ್ಕೆ "ಒಪ್ಪಿದೆ", "ಮುಗಿಸಿದೆ" ಎರಡೂ ಅರ್ಥ ಇದೆ ಅಂತ ನನಗೇ ಮೂವತ್ತು ವರ್ಷ ಹೊಳೆದಿರಲಿಲ್ಲ. ಹೊರಗಿನವರೊಬ್ಬರು ತಪ್ಪು ತಿಳ್ಕೊಂಡಾಗ ಹೊಳೀತು. ನಾಲ್ಕು ಜನ ಒಂದೇ ಹಾಸ್ಟೆಲ್‌ನವರು ಪ್ರಾಜೆಕ್ಟ್ ಮಾಡಿದಾಗ ಇದು ಯಾವತ್ತೂ ಹೊಳೆಯಲ್ಲ. ಎಲ್ಲರಿಗೂ ಎಲ್ಲಾ ಗೊತ್ತಿದೆ ಅಂತ ಅನ್ಕೊಂಡಿರ್ತೀವಿ.

ಬಾಹ್ಯಾಕಾಶದ್ದೇ ಉದಾಹರಣೆ ಬೇಕಾ? 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಕಳೆದುಹೋಯ್ತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂತ ಓದಿತು. ಎರಡೂ ಕಡೆ ಜಾಣರೇ ಇದ್ದರು.

ಬೇರೆ ಭಾಷೆಯವರು, ಬೇರೆ ವಿಷಯದವರು ಟೀಮಿನಲ್ಲಿದ್ದರೆ ಮೊದಮೊದಲು ಕೆಲಸ ನಿಧಾನ ಆಗತ್ತೆ. ಪ್ರತಿಯೊಂದನ್ನೂ ಬಿಡಿಸಿ ಹೇಳ್ಬೇಕು, ಬರೆದಿಡ್ಬೇಕು. ಹಾಗೆ ಬಿಡಿಸಿ ಹೇಳೋವಾಗಲೇ ನಮಗೆ ಏನು ಗೊತ್ತಿಲ್ಲ ಅಂತ ನಮಗೇ ಗೊತ್ತಾಗೋದು. ಕಲಿಕೆ ಇರೋದು ಆ ಜಾಗದಲ್ಲಿ. ಹಾರ್ವರ್ಡ್ ಹುಡುಗರಿಗೆ "ಕಡಿಮೆ ಕಲಿತ್ವಿ" ಅನ್ನಿಸಿದ್ದನ್ನು ನೆನಪು ಮಾಡ್ಕೊಳ್ಳಿ.

ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಸಂಸ್ಕೃತಿಯ ವ್ಯತ್ಯಾಸ ಅಂದ್ರೆ ರಾಜ್ಯ, ದೇಶ ಮಾತ್ರ ಅಲ್ಲ ಅನ್ನೋದನ್ನೂ ಸೇರಿಸ್ತೀನಿ. ಕನ್ನಡ ಮೀಡಿಯಂನಿಂದ ಬಂದ ಹುಡುಗ, ಇಂಗ್ಲಿಷ್ ಮೀಡಿಯಂನಿಂದ ಬಂದ ಹುಡುಗಿ, ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷಕ್ಕೆ ಬಂದವನು. ಡಿಪ್ಲೊಮಾದವನಿಗೆ ಸೋಲ್ಡರಿಂಗ್ ಬರತ್ತೆ, ಮಾತಾಡೋಕೆ ಸಂಕೋಚ. ಪ್ರೆಸೆಂಟೇಶನ್ ಚೆನ್ನಾಗಿ ಕೊಡುವವರಿಗೆ ಮಲ್ಟಿಮೀಟರ್ ಹಿಡಿಯೋಕೆ ಬರಲ್ಲ. ಕೆಲಸ ಹಂಚುವಾಗ ಇಂಗ್ಲಿಷ್ ಜೋರಾಗಿ ಬರುವವರೇ ಹಂಚ್ತಾರೆ. ಉಳಿದವರು ಜೆರಾಕ್ಸ್ ಅಂಗಡಿಗೆ.

ಕಾಗದದ ಮೇಲೆ ಇದೆ

ಇದೆಲ್ಲ ನಮ್ಮ ವ್ಯವಸ್ಥೆಗೆ ಗೊತ್ತಿಲ್ಲ ಅಂತಲ್ಲ. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ನ ಕಾಯಂ ಸದಸ್ಯ ಆಯ್ತು. ಒಂದು ದೇಶದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಒಪ್ಪುವ ಒಡಂಬಡಿಕೆ ಅದು. ಅದಕ್ಕೆ ಹೊಂದುವಂತೆ ನಮ್ಮ ಎನ್‌ಬಿಎ ಮಾಡಿದ 12 ಗುರಿಗಳ ಪಟ್ಟಿಯಲ್ಲಿ ಒಂಬತ್ತನೆಯದೇ ಇದಾಗಿತ್ತು: ಒಬ್ಬಂಟಿಯಾಗಿಯೂ, ವೈವಿಧ್ಯದ ತಂಡಗಳಲ್ಲಿಯೂ, ಬೇರೆ ಬೇರೆ ವಿಷಯಗಳು ಸೇರುವ ಕಡೆಗಳಲ್ಲಿಯೂ ಕೆಲಸ ಮಾಡಬಲ್ಲವನಾಗಬೇಕು ಅಂತ. ಕಾಲೇಜಿನ ಫೈಲಿನಲ್ಲಿ ಇದಕ್ಕೆ ಟಿಕ್ ಬಿದ್ದಿರತ್ತೆ. ಬ್ಯಾಚ್ ಮಾತ್ರ ಒಂದೇ ಬ್ರಾಂಚಿನ ನಾಲ್ಕು ಜನರದ್ದು.

2017ರಿಂದ ನಡೀತಿರೋ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನರ ಟೀಮ್, ಅದರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಲೇಬೇಕು ಅನ್ನೋ ನಿಯಮ ಇದೆ. ಒಳ್ಳೇದು. ಆದ್ರೆ ಅವಳ ಕೈಗೆ ಯಾವ ಕೆಲಸ ಬರತ್ತೆ ಅನ್ನೋದು ನಿಯಮದಿಂದ ಬರಲ್ಲ. ಟೀಮಿಗೆ ಸೇರಿಸ್ಕೊಳ್ಳೋದು ಬೇರೆ, ಅವರಿಲ್ಲದೆ ಕೆಲಸ ಆಗದ ಹಾಗೆ ಕಟ್ಟೋದು ಬೇರೆ.

"ಎಲ್ಲಾ ಕಾಲೇಜೂ ಉಪಗ್ರಹ ಹಾರಿಸೋಕಾಗತ್ತಾ ಸರ್?" ಅಂತ ಕೇಳಬಹುದು. ಆಗಲ್ಲ, ಬೇಕಾಗೂ ಇಲ್ಲ. ಆಮೇಲೆ ಹಾರಿದವೂ ಇವೆ. 2016ರ ಸೆಪ್ಟೆಂಬರ್ 26ರಂದು ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಪಿಎಸ್‌ಎಲ್‌ವಿ-ಸಿ35ರಲ್ಲಿ ಹೋಯ್ತು. ಆದ್ರೆ ಸ್ಟಡ್‌ಸ್ಯಾಟ್‌ನಿಂದ ತಗೊಳ್ಳಬೇಕಾದ್ದು ಅದರ ಕಟ್ಟು. ನನ್ನ ಪ್ರಕಾರ ಅದರಲ್ಲಿ ನಾಲ್ಕು ಅಂಶ ಇವೆ.

ಒಂದು, ಪ್ರತಿಯೊಬ್ಬರ ಕೈಯಲ್ಲೂ ಉಳಿದವರಿಗೆ ಬೇಕಾದ, ಉಳಿದವರಿಗೆ ಬಾರದ ಒಂದು ಕೆಲಸ ಇರಬೇಕು.

ಎರಡು, ಎಲ್ಲರಿಗೂ ಸೇರಿ ಒಂದು ಬಿಗಿಯಾದ ಮಿತಿ ಇರಬೇಕು. ಅಲ್ಲಿ ಒಂದು ಕಿಲೋ. ನಿಮ್ಮಲ್ಲಿ ಎರಡು ಸಾವಿರ ರೂಪಾಯಿ ಆಗಿರಬಹುದು. ಮಿತಿ ಇದ್ದರೆ ಮಾತುಕತೆ ಆಗಲೇಬೇಕು.

ಮೂರು, ಪರೀಕ್ಷೆ ಮಾಡುವವರು ಹೊರಗಿನವರಾಗಿರಬೇಕು. ತಮ್ಮ 694 ಕಿಲೋ ಉಪಗ್ರಹದ ಪಕ್ಕ ಕೂರುವ ಈ ಡಬ್ಬಿಯಿಂದ ತೊಂದರೆ ಇಲ್ಲ ಅಂತ ಇಸ್ರೋದವರಿಗೆ ಖಾತ್ರಿ ಆಗಬೇಕಿತ್ತು. ನಮ್ಮ ಪಂಪ್‌ಸೆಟ್ ಪ್ರಾಜೆಕ್ಟನ್ನು ಒಬ್ಬ ರೈತರ ಹೊಲದಲ್ಲಿ ಓಡಿಸಿ ತೋರಿಸಿ ಅಂದಿದ್ದರೆ ರ್‍ಯಾಂಡಮ್ ಫಂಕ್ಷನ್ ಅರ್ಧ ಗಂಟೆಯೂ ಉಳೀತಿರಲಿಲ್ಲ.

ನಾಲ್ಕು, ಯಾರು ಏನು ಒಪ್ಪಿದರು, ಯಾವಾಗ ಮುಗಿಸಿದರು ಅಂತ ಬರೆದಿಡಬೇಕು. "ಆಯ್ತು" ಸಾಲಲ್ಲ.

ನಮ್ಮ ಕೈಯಲ್ಲಿ ಏನಿದೆ?

ಇಲ್ಲಿರೋ ನಮ್ಮಲ್ಲಿ ಹಲವರ ತಮ್ಮ, ತಂಗಿ, ಅಣ್ಣನ ಮಕ್ಕಳು ಈಗ ಕಾಲೇಜು ಹುಡುಕ್ತಾ ಇರ್ತಾರೆ. ಊರಿನಿಂದ ಫೋನ್ ಬರತ್ತೆ, "ಯಾವ ಕಾಲೇಜ್ ಚಲೋ ನೋಡಿ ಹೇಳಪ್ಪ" ಅಂತ. ಪ್ಲೇಸ್‌ಮೆಂಟ್ ಕೇಳಿ, ಬೇಡ ಅನ್ನಲ್ಲ. ಜೊತೆಗೆ ಅಲ್ಲಿ ಓದ್ತಿರೋ ಹುಡುಗರನ್ನೇ ಎರಡು ಪ್ರಶ್ನೆ ಕೇಳಿ. ಬೇರೆ ಬ್ರಾಂಚಿನವರ ಜೊತೆ ಪ್ರಾಜೆಕ್ಟ್ ಮಾಡೋಕೆ ಬಿಡ್ತಾರಾ? ಪ್ರಾಜೆಕ್ಟ್ ಕೆಲಸ ಮಾಡತ್ತೋ ಇಲ್ವೋ ಅಂತ ಕಾಲೇಜಿನ ಹೊರಗಿನವರು ಯಾರಾದರೂ ನೋಡ್ತಾರಾ?

ನಿಮ್ಮ ಟೀಮಿಗೆ ಇಂಟರ್ನ್ ಬಂದರೆ ಎಲ್ಲರಿಂದ ದೂರ ಕೂರಿಸಿ ಒಂಟಿ ಕೆಲಸ ಕೊಡಬೇಡಿ. ಚಿಕ್ಕದೇ ಆಗಲಿ, ಉಳಿದವರು ಕಾಯುವಂಥ ಕೆಲಸ ಕೊಡಿ. ಆಗ ಪ್ರಶ್ನೆ ಕೇಳೋಕೆ ಅವನೂ ಬರ್ತಾನೆ, "ಎಲ್ಲಿಗೆ ಬಂತು?" ಅಂತ ಕೇಳೋಕೆ ನೀವೂ ಹೋಗ್ತೀರಿ.

ಕೊನೆಗೆ ನನ್ನ ಗೆಳೆಯನ ವಿಷಯ. ಕಳೆದ ದೀಪಾವಳಿಗೆ ದಾವಣಗೆರೆಗೆ ಹೋದಾಗ ಸಿಕ್ಕಿದ್ದ. ಅಪ್ಪನ ಅಂಗಡಿ ಈಗ ಅವನೇ ನಡೆಸ್ತಾನೆ. ಮೊಬೈಲ್‌ನಿಂದ ಪಂಪ್ ಆನ್ ಮಾಡೋ ಸ್ಟಾರ್ಟರ್‌ಗಳನ್ನು ಸುತ್ತಲಿನ ಹಳ್ಳಿಗಳಲ್ಲಿ ಕೂರಿಸ್ತಾನೆ. ಒಂದನ್ನು ಬಿಚ್ಚಿ ತೋರಿಸಿದ. ಫೇಸ್ ಹೋದಾಗ ಮೋಟರ್ ಯಾಕೆ ಸುಡತ್ತೆ, ವೋಲ್ಟೇಜ್ ಬಂದ ತಕ್ಷಣ ಯಾಕೆ ಸ್ಟಾರ್ಟ್ ಮಾಡಬಾರದು, ಎಲ್ಲ ಹೇಳಿದ. ಅರ್ಧ ಗಂಟೆಯಲ್ಲಿ ನನ್ನ ಹಳೇ ಕೋಡಿನಲ್ಲಿ ಕನಿಷ್ಠ ಐದು ತಪ್ಪು ನನಗೇ ಕಂಡವು. "ಆವತ್ತೇ ಹೇಳ್ಬಾರದಿತ್ತಾ?" ಅಂದೆ. "ನೀನು ಕೇಳಿದ್ರೆ ಹೇಳ್ತಿದ್ದೆ" ಅಂದ, ಸ್ಕ್ರೂ ಬಿಗಿಸ್ತಾ.

ಅಲ್ಲಿಂದ ಬಂದಮೇಲೆ ಇಂಟರ್ವ್ಯೂನಲ್ಲಿ ನನ್ನ ಮೊದಲ ಪ್ರಶ್ನೆಯ ಜೊತೆ ಇನ್ನೊಂದು ಸೇರಿಸಿದ್ದೀನಿ. "ನಿಮ್ಮ ಟೀಮಿನಲ್ಲಿ ಬೇರೆಯವರು ಏನು ಮಾಡಿದ್ರು, ಅವರಿಲ್ಲದಿದ್ರೆ ನಿಮ್ಮ ಕೆಲಸ ಎಲ್ಲಿ ನಿಲ್ತಿತ್ತು?" ಇದಕ್ಕೆ ಚೆನ್ನಾಗಿ ಉತ್ತರ ಕೊಡುವವರು ಸಿಕ್ಕಿದ ದಿನ ಖುಷಿಯಾಗತ್ತೆ. ನಿಮ್ಮ ಪ್ರಾಜೆಕ್ಟ್ ಬ್ಯಾಚಿನಲ್ಲಿ ಬೈಂಡಿಂಗ್ ಮಾಡಿಸಿದವರು ಯಾರು ಅಂತ ಒಂದು ಸಲ ನೆನಪು ಮಾಡ್ಕೊಳ್ಳಿ. ನಂಬರ್ ಇದ್ದರೆ ಫೋನ್ ಮಾಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.